ಪರದೆ ದೊಡ್ಡಮ್ಮನ ಬೀಗ

ಅಂಕಿ ಬಾಯಿಗೆ ಬಂದ ಕೂಡಲೇ ಅವರ ದನಿ ತಗ್ಗುತ್ತಿತ್ತು. ಉಳಿದಂತೆ ಅದು ಸಾಮಾನ್ಯ ಕಂಠವಲ್ಲ. ಬೀದಿಯ ಆ ತುದಿಯಲ್ಲಿ ಹೋಗುತ್ತಿರುವ ಅಂಚೆಯವನನ್ನು ಅಂಗಡಿಯೊಳಗಿನ ಕುರ್ಚಿಯಿಂದಲೇ ಕರೆದು ನಿಲ್ಲಿಸಬಲ್ಲ, ಮಹಡಿಯ ಮೇಲಿರುವ ನನ್ನ ಕುಕ್ಕರು ಕೂಗಿ ಕೂಗಿ ಸುಸ್ತಾಗಿದೆಯೆಂದು ಕೆಳಗಿನಿಂದಲೇ ಎಚ್ಚರಿಸಬಲ್ಲ ಕಂಠ. ಅಂಥ ಕಂಠವು ಟೇಪು ಹಿಡಿದು ಯಾರದಾದರೂ ಮೈಯ ಅಳತೆಯನ್ನು ಓದುವ ಕ್ಷಣ ಬಂತೆಂದರೆ ಎದುರು ನಿಂತವಳ ಕಿವಿಯನ್ನು ಮಾತ್ರ ಮುಟ್ಟುವಷ್ಟು ಕುಗ್ಗಿ ಪಿಸುಮಾತಾಗಿಬಿಡುತ್ತಿತ್ತು. ಈ ಅಭ್ಯಾಸ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಒಮ್ಮೆ ತರಕಾರಿ ಅಂಗಡಿಯವನು "ಈರುಳ್ಳಿ ಎಷ್ಟು ಹಾಕ್ಲಿ?" ಎಂದು ಕೇಳಿದಾಗ ಅವನ ಕಿವಿಯ ಬಳಿ ಬಗ್ಗಿ, "ಎರಡು ಕೆ.ಜಿ.," ಎಂದು ಪಿಸುಗುಟ್ಟಿದ್ದರು. ಅವನು ಗಾಬರಿಯಿಂದ ಅಕ್ಕಪಕ್ಕ ನೋಡಿ, ತಾನೂ ತುಟಿಪಿಟಕ್ಕೆನ್ನದೆ ತೂಗಿಕೊಟ್ಟ.

ಹೊಲಿಗೆ ಅವರ ಕಸುಬು. ನಾನು ಬಾಡಿಗೆಗಿದ್ದ ಮನೆಯ ಕೆಳಗೇ ಅವರ ಅಂಗಡಿ. ತಂಗಿಯ ಮಗಳು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಅದನ್ನು ಕೇಳಿ ಕೇಳಿ ಗಿರಾಕಿಗಳೂ, ಅವರಿಗಿಂತ ವಯಸ್ಸಾದವರೂ ಸಹ, ದೊಡ್ಡಮ್ಮ ಎನ್ನತೊಡಗಿ, ಕಡೆಗೆ ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನವನಿಗೆ ಮಾತ್ರ ಗೊತ್ತಿರುವ ಸಂಗತಿಯಾಯಿತು. ಬೆನ್ನ ಹಿಂದೆ ಜನ ಇನ್ನೊಂದು ಪದ ಸೇರಿಸಿ ಪರದೆ ದೊಡ್ಡಮ್ಮ ಎನ್ನುತ್ತಿದ್ದರು. ಅಂಗಡಿಯ ನಡುವೆ ಗೋಡೆಯಿಂದ ಗೋಡೆಗೆ ಹಿತ್ತಾಳೆ ಉಂಗುರಗಳಲ್ಲಿ ತೂಗುವ ದಪ್ಪ ಪರದೆಯೊಂದಿತ್ತು. ಒಳಗೆ ಹೋದವರು ಅಂಗಿಯ ಕಾಲರಿನ ಅಳತೆ ಕೊಡಲು ಬಂದವರಾಗಿರಲಿ, ಕಿತ್ತುಹೋದ ಒಂದು ಗುಂಡಿ ಹಾಕಿಸಲು ಬಂದವರಾಗಿರಲಿ, ಪರದೆ ಎಳೆಯದೆ ದೊಡ್ಡಮ್ಮ ಟೇಪಿಗೆ ಕೈ ಹಾಕಿದವರಲ್ಲ. ಎಳೆದ ಮೇಲೂ ಅಂಚಿನಲ್ಲಿ ಸಂದು ಉಳಿದಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು. ನನ್ನ ಕೋಟಿನ ತೋಳು ಗಿಡ್ಡ ಮಾಡಿಸಲು ಹೋದಾಗ ನನಗೂ ಆ ಮರ್ಯಾದೆ ಸಿಕ್ಕಿತ್ತು. ಮುಂಗೈಯ ಅಳತೆಯನ್ನು ಅವರು ನನ್ನ ಕಿವಿಯಲ್ಲಿ ಹೇಳಿದಾಗ, ಇದುವರೆಗೆ ನನಗೇ ತಿಳಿಯದಿದ್ದ ಯಾವುದೋ ಮಹಾರಹಸ್ಯ ನನ್ನ ಕೈಯಲ್ಲಿದೆಯೇನೋ ಎನಿಸಿ ನಗು ತಡೆದುಕೊಂಡಿದ್ದೆ.

ಅವರ ನಡಿಗೆ ಒಂದು ವಿಲಕ್ಷಣ ಸಂಗತಿ. ಹೊಲಿಗೆ ಯಂತ್ರಕ್ಕೂ ಬಟ್ಟೆ ಕತ್ತರಿಸುವ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ ಜೀವಮಾನವೆಲ್ಲ ಓಡಾಡಿದ್ದರಿಂದ ಅವರು ಒಂದು ಭುಜವನ್ನು ಮುಂದೆ ಮಾಡಿ, ಓರೆಯಾಗಿ ನಡೆಯುತ್ತಿದ್ದರು. ಎಂಥ ಅಗಲವಾದ ರಸ್ತೆಯಲ್ಲೂ ಯಾರಿಗೋ ದಾರಿ ಬಿಟ್ಟುಕೊಡುತ್ತಿರುವವರಂತೆ ಹಾಗೆಯೇ ಹೋಗುತ್ತಿದ್ದರು. ಮೈಮೇಲೆ ಸದಾ ಬೂದು ಬಣ್ಣದ ಒಂದು ಗಂಡಸರ ಕೋಟು. ಅದರ ಎದೆಯ ಪಟ್ಟಿಗೆ ಚುಚ್ಚಿದ ಸೂಜಿಗಳು, ಜೇಬುಗಳಲ್ಲಿ ಚಾಕ್‌ಪೀಸು, ದಾರದ ಉಂಡೆ, ಮೂಗಿನ ಮೇಲೆ ನಿಲ್ಲದ ಕನ್ನಡಕ, ಒಮ್ಮೊಮ್ಮೆ ಅರ್ಧ ತಿಂದ ಬಿಸ್ಕತ್ತು. ಸೆಖೆಯಲ್ಲೂ ಅದನ್ನು ಕಳಚಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಅದು ಯಾರ ಕೋಟು ಎಂದು ಹೊಸಬರು ಯಾರಾದರೂ ಕೇಳಿದರೆ "ಅದಿರ್ಲಿ" ಎಂದು ಮಾತು ತಿರುಗಿಸುತ್ತಿದ್ದರು.

ಈ "ಅದಿರ್ಲಿ" ಅವರ ಬಾಯಿಯ ಎರಡನೇ ಪರದೆ. ಗಿರಾಕಿಗಳ ಪೈಕಿ ಯಾರಾದರೂ ಕುತೂಹಲದಿಂದ, "ಈಗ ಹೋದ್ರಲ್ಲ, ಅವರಿಗೇನಾಗಿದೆ ದೊಡ್ಡಮ್ಮ?" ಎಂದು ಎಳೆದರೆ, "ಅದಿರ್ಲಿ, ನಿಮ್ಮ ಮಗಳ ಪರೀಕ್ಷೆ ಏನಾಯ್ತು?" ಎಂಬ ಉತ್ತರ ಬರುತ್ತಿತ್ತು. ಆ ಪದದಲ್ಲಿ ಕೋಪವಿರಲಿಲ್ಲ, ಬಿಗುಮಾನವೂ ಇರಲಿಲ್ಲ. ಮೇಜಿನ ಮೇಲಿನ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಡುವ ಸಹಜತೆ ಇತ್ತು. ಕೇಳಿದವರು ತಾವೇನು ಕೇಳಿದೆವೆಂಬುದನ್ನು ಮರೆತು ಮಗಳ ಪರೀಕ್ಷೆಯ ವಿಷಯ ಹೇಳತೊಡಗುತ್ತಿದ್ದರು.

ಇಷ್ಟೆಲ್ಲ ಮುಚ್ಚುಮರೆ ಏತಕ್ಕೆಂದರೆ, ಪರದೆಯ ಆಚೆ ಅವರು ಹೊಲಿಯುತ್ತಿದ್ದದ್ದು ಎಲ್ಲ ದರ್ಜಿಗಳೂ ಹೊಲಿಯುವ ಉಡುಪಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಒಂದು ಸ್ತನವನ್ನು ಕಳೆದುಕೊಂಡ ಹೆಂಗಸರಿಗೆ ಒಳ ಉಡುಪು ಹೊಲಿಯುವುದು ಅವರ ಮುಖ್ಯ ಕೆಲಸ. ಬರಿದಾದ ಕಡೆಗೆ ಒಳಗಿನಿಂದ ಒಂದು ಜೇಬು. ಆ ಜೇಬಿಗೆ ಅಗಸೆ ಬೀಜ ತುಂಬಿದ ಪುಟ್ಟ ಚೀಲ. ಚೀಲದ ಆಕಾರಕ್ಕಿಂತ ಅದರ ತೂಕದ ಮೇಲೆ ಅವರಿಗೆ ಹೆಚ್ಚು ಗಮನ. ಒಂದು ಪಕ್ಕ ಹಗುರಾದ ಮೈ ಬರಬರುತ್ತ ಇನ್ನೊಂದು ಪಕ್ಕಕ್ಕೆ ವಾಲುತ್ತದೆ, ಭುಜ ಏರುಪೇರಾಗುತ್ತದೆ, ಬೆನ್ನು ನೋಯುತ್ತದೆ. ಹಾಗಾಗಿ ಎರಡು ಕಡೆಯೂ ತೂಗಬೇಕು ಎನ್ನುತ್ತಿದ್ದರು. ಕೆಲವು ಹೆಂಗಸರು ಮೊದಲ ಸಲ ಅದನ್ನು ತೊಟ್ಟು ಪರದೆಯ ಆಚೆಯಿಂದ ಬರುವಾಗ ಅವರ ಮುಖ ನೋಡಿದವರಿಗೆ ದೊಡ್ಡಮ್ಮನ ಕಸುಬು ಏನೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ನಾನು ನೋಡಿದ್ದು ಒಮ್ಮೆ ಮಾತ್ರ, ಅದೂ ಆಕಸ್ಮಿಕವಾಗಿ, ಮೆಟ್ಟಿಲಿಳಿಯುವಾಗ. ಬಂದಾಗ ಬ್ಯಾಗನ್ನು ಎದೆಗವಚಿಕೊಂಡಿದ್ದ ಒಬ್ಬಾಕೆ ಹೋಗುವಾಗ ಅದನ್ನು ಕೈಯಲ್ಲಿ ಬೀಸುತ್ತ ಹೋದಳು.

ಯಾವ ಗಿರಾಕಿಯ ಹೆಸರನ್ನೂ ಅವರು ಅಂಗಡಿಯಲ್ಲಿ ಬಳಸುತ್ತಿರಲಿಲ್ಲ. ಪ್ರತಿಯೊಬ್ಬಳೂ ತನ್ನ ಮೊದಲ ಉಡುಪಿಗೆ ಆರಿಸಿಕೊಂಡ ಒಳಬಟ್ಟೆಯ ತುಣುಕೇ ಅವಳ ಹೆಸರು. ಗೋಡೆಯ ಮೊಳೆಗಳಲ್ಲಿ ಕಾಗದದ ಅಚ್ಚುಗಳು ತೂಗುತ್ತಿದ್ದವು, ಪ್ರತಿ ಅಚ್ಚಿಗೂ ಒಂದು ಬಟ್ಟೆಯ ಚೂರು: ನೀಲಿಗೀರು, ಹಳದಿಚುಕ್ಕಿ, ಕೆಂಪುಚೌಕ. "ಮಧ್ಯಾಹ್ನ ನೀಲಿಗೀರು ಬರ್ತಾಳೆ, ಬಾಗಿಲ ಮುಂದೆ ಸೈಕಲ್ ನಿಲ್ಲಿಸ್ಬೇಡಿ," ಎಂದು ನನಗೆ ಅಪ್ಪಣೆಯಾಗುತ್ತಿತ್ತು. ನನ್ನ ಹೆಸರು "ಮೇಲಿನವರು". ಅವರು "ಮೇಲಿನವರು ನೋಡ್ಕೋತಾರೆ ಬಿಡಿ" ಎಂದರೆ ದೇವರ ಮೇಲೆ ಭಾರ ಹಾಕಿದರೆಂದು ತಿಳಿಯಬಾರದು, ಕೊರಿಯರಿನವನು ಬಂದರೆ ನಾನು ಪೊಟ್ಟಣ ಕೊಡಬೇಕೆಂದು ಅದರ ಅರ್ಥ.

ಗಿರಾಕಿಗಳು ಬೇರೆ ಬೇರೆ ಊರು ಸೇರುತ್ತ ಹೋದ ಹಾಗೆ ಕೊರಿಯರಿನ ಕೆಲಸ ಹೆಚ್ಚಿತು. ಹಳೆಯದು ಸವೆದಾಗ ಹೊಸದು ಬೇಕೆಂದು ಅವರು ಫೋನು ಮಾಡುತ್ತಿದ್ದರು; ಮನೆಯವರ ಕಿವಿ ತಪ್ಪಿಸಿ ಬಾಲ್ಕನಿಯಲ್ಲಿ, ಸ್ನಾನದ ಮನೆಯಲ್ಲಿ ನಿಂತು ಅವರು ಪಿಸುಗುಟ್ಟುವುದು, ಇತ್ತ ಇವರು ಪಿಸುಗುಟ್ಟುವುದು, ಯಂತ್ರದ ಸದ್ದಿನಲ್ಲಿ ಇಬ್ಬರಿಗೂ ಏನೂ ಕೇಳಿಸದಿರುವುದು ದಿನನಿತ್ಯದ ಪಾಡಾಯಿತು. ಆಗ ತಂಗಿಯ ಮಗಳು, ದೊಡ್ಡಮ್ಮನ ಬಾಯಲ್ಲಿ ಪುಟ್ಟಿ, ಒಂದು ಉಪಾಯ ತಂದಳು. ಬೇಕರಿ, ಸೈಕಲ್ ಅಂಗಡಿ, ಹೂವಿನ ಅಂಗಡಿ ಇಂಥ ಸಣ್ಣವರಿಗೆ ವೆಬ್‌ಸೈಟು ಮಾಡಿಕೊಡುವುದು ಅವಳ ಕೆಲಸ. ದೊಡ್ಡಮ್ಮನಿಗೂ ಒಂದು ಮಾಡಿದಳು. ಮುಖಪುಟದಲ್ಲಿ "ಹೊಲಿಗೆ ಮನೆ" ಎಂಬ ಹೆಸರು, ಕತ್ತರಿಯ ಚಿತ್ರ, ಅಷ್ಟೇ. ಒಳಗೆ ಪ್ರತಿ ಗಿರಾಕಿಗೂ ಒಂದು ಖಾತೆ. ಅದರಲ್ಲಿ ಅವಳ ಬಟ್ಟೆಯ ಹೆಸರು, ಗುಪ್ತಪದ, ಅಳತೆಗಳು, ಚೀಲದ ತೂಕ, ಪೊಟ್ಟಣ ಕಳಿಸಬೇಕಾದ ವಿಳಾಸ. ಕಡೆಯಲ್ಲಿ "ಏನಾದರೂ ಹೇಳುವುದಿದ್ದರೆ" ಎಂದು ಒಂದಿಷ್ಟು ಖಾಲಿ ಜಾಗ. ಎದುರು ಕೂತಾಗ ಬಾಯಿ ಬಿಡದವರು ಆ ಜಾಗದಲ್ಲಿ ಬರೆಯತೊಡಗಿದರು. ಗಾಯದ ಗೆರೆ ಇನ್ನೂ ಉರಿಯುತ್ತದೆ, ಹೊಲಿಗೆ ಅಲ್ಲಿ ತಾಗಬಾರದು ಎಂಬಂಥ ಮಾತುಗಳಿರುತ್ತಿದ್ದವು ಎಂದು ದೊಡ್ಡಮ್ಮ ಎಷ್ಟೋ ದಿನಗಳ ಮೇಲೆ, ಯಾರ ಮಾತೆಂದು ಹೇಳದೆ, ನನಗೆ ತಿಳಿಸಿದ್ದರು.

ಸೈಟು ತೆರೆಯುವ ದಿನ ಅಂಗಡಿಯಲ್ಲಿ ಸಣ್ಣದೊಂದು ಜಗಳವಾಯಿತು. ನಾನು ಟೀ ಲೋಟ ಹಿಡಿದು ಅಲ್ಲೇ ಇದ್ದೆ.

"ದೊಡ್ಡಮ್ಮ, ಇದಕ್ಕೆ ಬೀಗ ಹಾಕ್ಬೇಕು," ಎಂದಳು ಪುಟ್ಟಿ. ಗಿರಾಕಿ ತನ್ನ ಫೋನಿನಲ್ಲಿ ಬರೆದದ್ದು ಅಂಗಡಿಯ ಸೈಟನ್ನು ಮುಟ್ಟುವವರೆಗೆ ನಡುದಾರಿಯಲ್ಲಿ ಯಾರ ಕಣ್ಣಿಗೆ ಬಿದ್ದರೂ ಅರ್ಥವಾಗದಂತೆ ಗೂಢಲಿಪಿಯಾಗಿ ಹೋಗುವ ವ್ಯವಸ್ಥೆ ಅದು. ಅದಿಲ್ಲದಿದ್ದರೆ ಅಂಚೆ ಕಾರ್ಡಿನ ಮೇಲೆ ಬರೆದ ಹಾಗೆ, ದಾರಿಯಲ್ಲಿ ಕೈಗೆ ಸಿಕ್ಕವರೆಲ್ಲ ಓದಬಹುದು ಎಂದು ಬಿಡಿಸಿ ಹೇಳಿದಳು.

"ದುಡ್ಡು ಕಟ್ಟೋದು ಬ್ಯಾಂಕಿನ ಪುಟದಲ್ಲಿ ತಾನೆ? ಅಲ್ಲಿ ಬೀಗ ಇದೆ ಅಂದ್ಯಲ್ಲ."

"ಅದು ದುಡ್ಡಿಗಾಯ್ತು. ನಾನ್ ಹೇಳ್ತಿರೋದು ಖಾತೆಗೆ."

"ಖಾತೇಲಿ ಹೆಸರೇ ಇಲ್ವಲ್ಲೇ! ನೀಲಿಗೀರು, ಹಳದಿಚುಕ್ಕಿ ಅಂತ ಇದೆ. ಅದನ್ನ ಕದ್ದು ಯಾರು ಏನ್ ಮಾಡ್ತಾರೆ? ಕದಿಯೋಕೆ ಏನಿದೆ ನಮ್ಮಲ್ಲಿ?"

"ವಿಳಾಸ ಇದೆ, ಅಳತೆ ಇದೆ. ಎರಡೂ ಒಂದೇ ಕಡೆ ಇದ್ರೆ ಹೆಸರು ಯಾಕ್ ಬೇಕು ದೊಡ್ಡಮ್ಮ?"

ದೊಡ್ಡಮ್ಮ ಸುತರಾಂ ಒಪ್ಪಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅವರು ಕೇಳಿಸಿಕೊಳ್ಳುತ್ತಿದ್ದದ್ದು ತಂತ್ರಜ್ಞಾನದ ಮಾತಲ್ಲ, ತಮ್ಮ ಮೇಲಿನ ಅಪನಂಬಿಕೆಯ ಮಾತು. "ಇಷ್ಟು ವರ್ಷ ಇಲ್ಲಿಂದ ಒಂದಕ್ಷರ ಆಚೆ ಹೋಗಿದ್ಯಾ? ಈಗ ಬೀಗ ಹಾಕಿದ್ರೆ, ಇಷ್ಟು ದಿನ ಇವಳ ಬಾಯಿ ಭದ್ರ ಇರ್ಲಿಲ್ವೇನೋ ಅಂದ್ಕೊಳ್ಳಲ್ವಾ ಜನ?" ಎಂದು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. ಪುಟ್ಟಿ ಹೇಳುವುದರಲ್ಲಿ ಅರ್ಥವಿದೆಯೆಂದು ನಾನು ನಡುವೆ ಬಾಯಿ ಹಾಕಿದ್ದಕ್ಕೆ, "ಮೇಲಿನವರೇ, ನಿಮ್ಮ ಕುಕ್ಕರ್ ನೋಡ್ಕೊಳ್ಳಿ," ಎಂಬ ಉತ್ತರ ದೊರೆಯಿತು. ಪೊಟ್ಟಣಗಳು ಕಾಯುತ್ತಿದ್ದವು, ಗಿರಾಕಿಗಳು ಕೇಳುತ್ತಿದ್ದರು; "ಸರಿ, ಆಮೇಲೆ ನೋಡೋಣ" ಎಂದು ಪುಟ್ಟಿ ಸೋತಳು. ಆ ಆಮೇಲೆ ಎಂಬುದು ಬಹಳ ದಿನ ಬರಲೇ ಇಲ್ಲ.

ಅಂಗಡಿ ಚೆನ್ನಾಗಿಯೇ ನಡೆಯಿತು. ಸೈಟು ತೆರೆದಾಗಲೆಲ್ಲ ಬ್ರೌಸರಿನ ಮೂಲೆಯಲ್ಲಿ "ಸುರಕ್ಷಿತವಲ್ಲ" ಎಂದು ಸಣ್ಣಕ್ಷರದಲ್ಲಿ ಬರುತ್ತಿತ್ತು. ಬೇರೆ ಕಡೆ ಅದನ್ನು ಕಂಡಿದ್ದರೆ ಹಿಂದೆ ಸರಿಯುತ್ತಿದ್ದ ಹೆಂಗಸರು ಇಲ್ಲಿ ಅದರತ್ತ ಕಣ್ಣೆತ್ತಿ ನೋಡಲಿಲ್ಲ. ದೊಡ್ಡಮ್ಮನ ಅಂಗಡಿ ಸುರಕ್ಷಿತವಲ್ಲ ಎನ್ನಲು ಈ ಬ್ರೌಸರು ಯಾವ ಊರಿನ ದೊಣ್ಣೆನಾಯಕ ಎಂದುಕೊಂಡರು. ಅವರ ಮೇಲೆ ಜನಕ್ಕಿದ್ದ ನಂಬಿಕೆಯೇ ಜನದ ಕಣ್ಣು ಕಟ್ಟಿತ್ತು. ಇದನ್ನು ನೆನೆದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಗಿರಾಕಿಗಳಲ್ಲಿ ಒಬ್ಬಳು ಈಜು ಕಲಿಸುವವಳು. ಅವಳನ್ನು ಹಸಿರೆಲೆ ಎನ್ನುತ್ತೇನೆ. ಇದನ್ನು ಬರೆಯಲು ಅವಳ ಒಪ್ಪಿಗೆಯಿದೆ, ಆದರೂ ಅವಳ ಬಟ್ಟೆಯ ಹೆಸರನ್ನು ಕೂಡ ನಾನು ಬದಲಿಸಿದ್ದೇನೆ. ಮಕ್ಕಳಿಗೆ ಈಜು ಕಲಿಸುವುದೆಂದರೆ ಅವಳಿಗೆ ಪ್ರಾಣ. ಶಸ್ತ್ರಚಿಕಿತ್ಸೆಯಾದ ಮೇಲೆ ಮತ್ತೆ ನೀರಿಗಿಳಿಯುವ ಆಸೆಯನ್ನೇ ಬಿಟ್ಟಿದ್ದವಳಿಗೆ ದೊಡ್ಡಮ್ಮ ಈಜುಡುಗೆಯೊಂದನ್ನು ಹೊಲಿದುಕೊಟ್ಟಿದ್ದರು. ಅಗಸೆ ಬೀಜ ನೀರಿನಲ್ಲಿ ಉಬ್ಬುತ್ತದೆಂದು ಪುಟ್ಟ ಗಾಜಿನ ಮಣಿಗಳನ್ನು ತುಂಬಿ, ಚೀಲವನ್ನು ಬಕೆಟ್ಟಿನಲ್ಲಿ ಮುಳುಗಿಸಿ, ಹಿಂಡಿ, ಒಣಗಿಸಿ, ತೂಗಿ, ಮತ್ತೆ ಮುಳುಗಿಸಿ ಪರೀಕ್ಷೆ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಅದನ್ನು ತೊಟ್ಟು ಅವಳು ಕೆಲಸಕ್ಕೆ ಮರಳಿದಳು. ಈಜುಕೊಳದಲ್ಲಿ ಯಾರಿಗೂ ಏನೂ ಹೇಳಿರಲಿಲ್ಲ, ಯಾರಿಗೂ ಏನೂ ತಿಳಿಯಲೂ ಇಲ್ಲ.

ಉಡುಪು ಕ್ಲೋರಿನ್ ನೀರಿಗೆ ಸವೆದಾಗ ಇನ್ನೊಂದು ಬೇಕಾಯಿತು. ಮಧ್ಯಾಹ್ನದ ಬಿಡುವಿನಲ್ಲಿ, ಈಜುಕೊಳದ ಆಫೀಸಿನ ವೈಫೈಯಲ್ಲಿ, ತನ್ನ ಫೋನಿನಿಂದ ಹಸಿರೆಲೆ ಹೊಲಿಗೆ ಮನೆಯ ಖಾತೆ ತೆರೆದು ಆರ್ಡರು ಹಾಕಿದಳು. ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ವೈಫೈಯಲ್ಲಿ ಯಾವ ಸೈಟು ಹೋಗಿಬರುತ್ತದೆಂದು ನೋಡುವುದೂ ಕೆಲಸದ ಒಂದು ಭಾಗ. ಬೀಗವಿರುವ ಸೈಟಾದರೆ ಅವನಿಗೆ ಕಾಣುವುದು ಅದರ ಹೆಸರು ಮಾತ್ರ. ಇದಕ್ಕೆ ಬೀಗವಿರಲಿಲ್ಲ, ಆದ್ದರಿಂದ ಪುಟಕ್ಕೆ ಪುಟವೇ ಅವನ ಮುಂದೆ ತೆರೆದುಕೊಂಡಿತು. ಬಲಗಡೆಯ ಅಳತೆ, ಎಡಗಡೆಯ ಚೀಲದ ತೂಕ, ಗಾಯದ ವಿಷಯ ಬರೆದ ಎರಡು ಸಾಲು, ಕೆಳಗೆ ಪೊಟ್ಟಣ ಕಳಿಸಲು ಈಜುಕೊಳದ್ದೇ ವಿಳಾಸ, ಸಂಪರ್ಕಕ್ಕೆ ಅವಳ ಫೋನ್ ನಂಬರು. ಅವನು ದುಷ್ಟನೇನಲ್ಲ. ಅಯ್ಯೋ ಪಾಪ ಎನಿಸಿತಂತೆ, ಆ ಪಾಪವನ್ನು ಇನ್ನೊಬ್ಬರ ಜೊತೆ ಹಂಚಿಕೊಂಡನಂತೆ. ವಾರ ಕಳೆಯುವುದರೊಳಗೆ ಬಟ್ಟೆ ಬದಲಿಸುವ ಕೋಣೆಯಿಂದ ಹಿಡಿದು ದಡದ ಬೆಂಚಿನ ತನಕ ಎಲ್ಲರಿಗೂ ಗೊತ್ತಾಗಿತ್ತು. ಮಕ್ಕಳ ತಾಯಂದಿರು ಅವಳ ಮುಖ ನೋಡುವುದನ್ನು ಬಿಟ್ಟು ಎದೆ ನೋಡತೊಡಗಿದರು. ಮ್ಯಾನೇಜರು ಬಹಳ ಮೃದುವಾಗಿ, ಒಳ್ಳೆಯದಕ್ಕೇ ಹೇಳುತ್ತಿದ್ದೇನೆಂದು, ಅವಳನ್ನು ನೀರಿನಿಂದ ತೆಗೆದು ಟೋಕನ್ ಕೊಡುವ ಕಿಟಕಿಯಲ್ಲಿ ಕೂರಿಸಿದ.

ಅವಳು ಅಂಗಡಿಗೆ ಬಂದ ಮಧ್ಯಾಹ್ನ ನಾನು ಕೊರಿಯರಿನ ಪೊಟ್ಟಣ ಒಯ್ಯಲು ಬಾಗಿಲಲ್ಲಿ ನಿಂತಿದ್ದೆ. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಪರದೆಯ ಈಚೆಯೇ ನಿಂತು ಕೇಳಿದಳು.

"ದೊಡ್ಡಮ್ಮ, ನೀವು ಯಾರಿಗಾದ್ರೂ ಹೇಳಿದ್ರಾ?"

ದೊಡ್ಡಮ್ಮನ ಬಾಯಲ್ಲಿದ್ದ ಗುಂಡುಸೂಜಿಗಳು ಒಂದೊಂದಾಗಿ ಹೊರಗೆ ಬಂದವು. ಜೀವಮಾನದಲ್ಲಿ ಅವರನ್ನು ಯಾರೂ ಕೇಳಿರದ ಪ್ರಶ್ನೆ ಅದು. "ಅದಿರ್ಲಿ" ಎನ್ನುತ್ತಾರೆಂದು ನಾನು ಕಾದೆ, ಅನ್ನಲಿಲ್ಲ. ಅವಳನ್ನು ಕೂರಿಸಿ, ಏನಾಯಿತೆಂದು ಕೊನೆಯವರೆಗೂ ಕೇಳಿ, ಪುಟ್ಟಿಗೆ ಫೋನು ಮಾಡಿದರು. ವಿಷಯ ಕೇಳಿದ ಪುಟ್ಟಿ ಆ ಕಡೆಯಿಂದ ಹೇಳಿದ್ದು ಒಂದೇ ಮಾತು: "ಬೀಗ." ದೊಡ್ಡಮ್ಮ ಫೋನು ಕೆಳಗಿಟ್ಟು, ಹಸಿರೆಲೆಯ ಕಡೆ ತಿರುಗಿ, ದನಿ ತಗ್ಗಿಸದೆ ಹೇಳಿದರು:

"ನಾನು ಹೇಳಿಲ್ಲ ಕಣಮ್ಮ. ಆದ್ರೆ ಹೋಗಿದ್ದು ನಮ್ಮನೆಯಿಂದಲೇ. ಬೀಗ ಹಾಕು ಅಂತ ಪುಟ್ಟಿ ಬಡ್ಕೊಂಡ್ಲು, ನಾನೇ ಬೇಡ ಅಂದೆ."

ಹಸಿರೆಲೆ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. "ನೀವೇ ಹೇಳಿದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ ದೊಡ್ಡಮ್ಮ. ಮನುಷ್ಯರು ಬಾಯಿ ತಪ್ಪಿ ಹೇಳ್ತಾರೆ ಅಂದ್ಕೊಳ್ತಿದ್ದೆ," ಎಂದು ಎದ್ದು ಹೋದಳು. ಹೋದವಳ ಹಿಂದೆ ದೊಡ್ಡಮ್ಮ ಹೊಸ್ತಿಲವರೆಗೆ ಓರೆಯಾಗಿ ನಡೆದು ನಿಂತರು. ಅವರ ಕೈಯಲ್ಲಿ ಟೇಪು ಹಾಗೇ ಇತ್ತು.

ಪುಟ್ಟಿ ಸೈಟನ್ನು ಆಗಲೇ ಮುಚ್ಚಿ, ಲ್ಯಾಪ್‌ಟಾಪು ಹಿಡಿದು ಓಡಿಬಂದಳು. ಏನಾಯಿತೆಂದು ತಮಗೆ ಕಣ್ಣಾರೆ ತೋರಿಸಬೇಕೆಂದು ದೊಡ್ಡಮ್ಮ ಹಟ ಹಿಡಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದುದರಿಂದ ಇಬ್ಬರೂ ಮೇಲೆ ನನ್ನ ಮನೆಗೆ ಬಂದರು. ಪುಟ್ಟಿ ನಮಗಷ್ಟೇ ಕಾಣುವಂತೆ ಸೈಟಿನ ನಕಲೊಂದನ್ನು ತೆರೆದು, ತನ್ನ ಲ್ಯಾಪ್‌ಟಾಪಿನ ಮೂಲಕವೇ ದೊಡ್ಡಮ್ಮನ ಫೋನಿಗೆ ಇಂಟರ್ನೆಟ್ಟು ಹಾಯಿಸಿ, "ಏನಾದ್ರೂ ಅಳತೆ ಹಾಕಿ ಒತ್ತಿ," ಎಂದಳು. ದೊಡ್ಡಮ್ಮ ಕಿಟಕಿಯ ಬಳಿ ಹೋಗಿ, ನಮಗೆ ಬೆನ್ನು ಮಾಡಿ, ಅಂಗೈಯನ್ನು ಫೋನಿಗೆ ಮರೆ ಹಿಡಿದು ಏನೋ ಬರೆದು ಒತ್ತಿದರು. ಕೋಣೆಯ ಈ ಮೂಲೆಯಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ, ನನ್ನ ಕಣ್ಣೆದುರಿಗೆ, ಅದು ದೊಡ್ಡ ಅಕ್ಷರಗಳಲ್ಲಿ ಮೂಡಿತು. ಗುಪ್ತಪದವೂ ಮೂಡಿತು. ಬರೆದದ್ದು ಅವರದೇ ಅಳತೆಯೆಂದು ಕಾಣುತ್ತದೆ. ತಿರುಗಿ ನೋಡಿದವರು ಎರಡೇ ಹೆಜ್ಜೆಗೆ ಬಂದು, ಯಾವತ್ತೂ ಕಳಚದ ಆ ಬೂದು ಕೋಟನ್ನು ಕಳಚಿ, ಲ್ಯಾಪ್‌ಟಾಪಿನ ಮೇಲೆ ಹೊದಿಸಿಬಿಟ್ಟರು. ನಾನು ಗೋಡೆಯ ಗಡಿಯಾರ ನೋಡಿದೆ. ಕೋಟಿನೊಳಗಿದ್ದ ಅವರು ಇಷ್ಟು ಸಣ್ಣ ಮನುಷ್ಯರೆಂದು ನನಗೆ ಗೊತ್ತಿರಲಿಲ್ಲ.

ಕೋಟಿನ ಅಡಿಯಲ್ಲೇ ಕೈ ತೂರಿಸಿ ಪುಟ್ಟಿ ಒಂದಿಷ್ಟು ಟೈಪು ಮಾಡಿದಳು. ಮತ್ತೆ ಬರೆಯಲು ಹೇಳಿದಳು. ಈ ಸಲ ದೊಡ್ಡಮ್ಮ ಕೋಟಿನ ಅಂಚನ್ನು ಸ್ವಲ್ಪವೇ ಎತ್ತಿ ಇಣುಕಿದರು. ಅರ್ಥವಿಲ್ಲದ ಚಿಹ್ನೆಗಳು ಇರುವೆ ಸಾಲಿನಂತೆ ತುಂಬಿಕೊಂಡಿದ್ದವು.

"ಇದನ್ನ ಹಾಕೋಕೆ ಎಷ್ಟು ಹೊತ್ತು ಬೇಕು?"

"ಹಾಕಾಯ್ತಲ್ಲ ದೊಡ್ಡಮ್ಮ."

"ಇಷ್ಟೇನಾ?"

"ಇಷ್ಟೇ."

ಒಂದು ಅಂಚು ಮಡಿಚಿ ಹೊಲಿಯುವಷ್ಟು ಹೊತ್ತೂ ಹಿಡಿಯದ ಕೆಲಸ ಅದು ಎಂಬುದು ಅವರಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಂತಿತ್ತು. ದೊಡ್ಡ ಕಷ್ಟವಾಗಿದ್ದರೆ ಮಾಡದೆ ಬಿಟ್ಟದ್ದಕ್ಕೆ ಒಂದು ನೆಪವಾದರೂ ಇರುತ್ತಿತ್ತು. ನನ್ನ ಕುರ್ಚಿಯಲ್ಲಿ ಕೂತು, ನಾನು ಕೊಟ್ಟ ನೀರನ್ನು ಕುಡಿಯದೆ ಹಿಡಿದುಕೊಂಡಿದ್ದರು.

ಮರುದಿನದಿಂದ ಅವರು ಗಿರಾಕಿಗಳಿಗೆಲ್ಲ ಫೋನು ಮಾಡತೊಡಗಿದರು. ಬಯಲಾಗಿರುವುದು ಒಬ್ಬಳದು, ಎಲ್ಲರಿಗೂ ಹೇಳಿದರೆ ಅಂಗಡಿಯ ಹೆಸರು ಹಾಳಾಗುತ್ತದೆ, ಗುಪ್ತಪದ ಬದಲಿಸಿಕೊಳ್ಳಿ ಎಂದು ಸುಮ್ಮನೆ ಒಂದು ಸಂದೇಶ ಕಳಿಸಿದರೆ ಸಾಕು ಎಂದು ಈ ಸಲ ಹಿಂಜರಿದವಳು ಪುಟ್ಟಿ. ದೊಡ್ಡಮ್ಮ ಪಟ್ಟು ಬಿಡಲಿಲ್ಲ. "ಯಾರ್ಯಾರ ಮೈನ ಎಲ್ಲೆಲ್ಲಿ ಯಾರ್ಯಾರು ನೋಡಿದಾರೋ ನಿಂಗೆ ಗೊತ್ತಾ? ಗೊತ್ತಿಲ್ಲ ಅಂದ್ಮೇಲೆ ಎಲ್ಲರಿಗೂ ಹೇಳ್ಬೇಕು," ಎಂದರು. ಒಬ್ಬೊಬ್ಬರಿಗೂ ಅದೇ ಮಾತು: ಸೈಟಿಗೆ ಬೀಗವಿರಲಿಲ್ಲ, ಈಗ ಹಾಕಿದೆ, ನಿಮ್ಮ ಅಳತೆ ಬೇರೆಯವರ ಕಣ್ಣಿಗೆ ಬಿದ್ದಿರಬಹುದು, ತಪ್ಪು ನನ್ನದು, ಗುಪ್ತಪದ ಬದಲಿಸಿ. ಕೆಲವರು ಬೈದರು. ಕೆಲವರು ಮಾತಾಡದೆ ಫೋನಿಟ್ಟು, ಖಾತೆಯನ್ನೂ ಅಳಿಸಿ ಹೋದರು. ಅವರ ಅಚ್ಚುಗಳನ್ನು ದೊಡ್ಡಮ್ಮ ಗೋಡೆಯಿಂದ ಇಳಿಸಿ, ಚೂರು ಚೂರು ಕತ್ತರಿಸಿದರು. ಒಬ್ಬ ಅಜ್ಜಿ ಮಾತ್ರ, "ನನ್ನ ಅಳತೆ ನೋಡಿದವರು ಯಾರೋ, ಪಾಪ, ಅವರಿಗೆ ಸಮಾಧಾನ ಹೇಳಿ," ಎಂದು ನಕ್ಕರಂತೆ. ಅಷ್ಟು ದಿನಗಳಲ್ಲಿ ದೊಡ್ಡಮ್ಮ ನಕ್ಕದ್ದು ಅದೊಂದೇ ಸಲ.

ಆದರೆ ಬೀಗ ಹಾಕಿದ್ದರಿಂದ, ಫೋನು ಮಾಡಿದ್ದರಿಂದ ಹಸಿರೆಲೆಗೆ ಏನು ಬಂತು? ಬಯಲಾದದ್ದನ್ನು ಮತ್ತೆ ಒಳಗೆ ತುಂಬುವ ಹೊಲಿಗೆ ಯಾರಿಗೂ ಬರುವುದಿಲ್ಲ. ಇದು ದೊಡ್ಡಮ್ಮನಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಅಂಗಡಿಗೆ ರಜೆ ಹಾಕಿ, ಕೋಟು ತೊಟ್ಟು, ಕೈಯಲ್ಲೊಂದು ಚೀಲ ಹಿಡಿದು ಹೊರಟರು. ಎಲ್ಲಿಗೆ ಎಂದು ಕೇಳಿದೆ. "ಈಜು ಕಲಿಯೋಕೆ," ಎಂದರು. ತಮಾಷೆಯೆಂದುಕೊಂಡೆ, ಸ್ನಾನದ ನೀರು ತಲೆಯ ಮೇಲೆ ಬಿದ್ದರೂ ಉಸಿರು ಕಟ್ಟುತ್ತದೆ ಎನ್ನುತ್ತಿದ್ದ ಹೆಂಗಸು ಅವರು.

ಮುಂದಿನದನ್ನು ನನಗೆ ಹಸಿರೆಲೆಯೇ ಹೇಳಿದ್ದು. ಟೋಕನ್ ಕಿಟಕಿಯಲ್ಲಿ ಕೂತಿದ್ದ ಅವಳೆದುರಿಗೇ ದೊಡ್ಡಮ್ಮ ಬಂದು ನಿಂತು, ಈಜಿನ ತರಗತಿಗೆ ಟೋಕನ್ ಕೇಳಿದರು. ಕಲಿಸುವವರು ಒಳಗಿದ್ದಾರೆ ಎಂದು ಇವಳು ಮುಖ ತಗ್ಗಿಸಿದಳು. "ಅವರು ಬೇಡ. ನೀನು ಕಲಿಸ್ತೀಯಾ ಅಂತ ಬಂದೆ," ಎಂದರು, ಅಂಚೆಯವನನ್ನು ನಿಲ್ಲಿಸುವ ಅದೇ ಕಂಠದಲ್ಲಿ. ಮ್ಯಾನೇಜರು ಓಡಿಬಂದು, ಅವರಿಗೆ ಆರೋಗ್ಯ ಸರಿಯಿಲ್ಲ, ವಿಶ್ರಾಂತಿಯಲ್ಲಿದ್ದಾರೆ ಎಂದ. "ಹೌದಾ? ನನಗೆ ನೋಡೋಕೆ ಚೆನ್ನಾಗೇ ಇದಾಳಲ್ಲ. ವಿಶ್ರಾಂತಿ ಮುಗಿಯೋವರೆಗೆ ಕಾಯ್ತೀನಿ," ಎಂದು ತಾಯಂದಿರು ಕೂರುವ ಬೆಂಚಿನ ಮೇಲೆ ಹೋಗಿ ಕೂತರು. ಆ ದಿನ ಕಾದರು, ಮರುದಿನ ಕಾದರು, ಅದರ ಮರುದಿನವೂ ಬಂದರು. ಪಕ್ಕದಲ್ಲಿ ಕೂತ ತಾಯಂದಿರು ಯಾಕೆಂದು ಕೇಳಿದರೆ, "ನನಗೆ ನೀರಂದ್ರೆ ಭಯ. ಅವಳ ಕೈ ಗಟ್ಟಿ. ಬೇರೆ ಯಾರ ಕೈಗೂ ನನ್ನ ಜೀವ ಕೊಡಲ್ಲ," ಎನ್ನುತ್ತಿದ್ದರು. ಯಾರೋ ಒಬ್ಬಾಕೆ ದನಿ ತಗ್ಗಿಸಿ, "ಆದ್ರೆ ಅವರಿಗೆ ಆಪರೇಷನ್ ಆಗಿದೆಯಂತಲ್ಲ," ಎಂದಾಗ ದೊಡ್ಡಮ್ಮ ತಾವೇನೂ ದನಿ ತಗ್ಗಿಸಲಿಲ್ಲ. "ಆಗಿದೆ. ಆಮೇಲೂ ನಿಮ್ಮ ಮಗೂಗೆ ಈಜು ಕಲಿಸಿದ್ದು ಅವಳೇ ತಾನೆ? ಮುಳುಗ್ತಾ?" ಎಂದರು.

ಮುದುಕಿಯನ್ನು ಅಲ್ಲಿಂದ ಎಬ್ಬಿಸಲು ಬೇರೆ ದಾರಿ ಕಾಣದೆ ಮ್ಯಾನೇಜರು ಒಪ್ಪಿದ. ಅವತ್ತು ದೊಡ್ಡಮ್ಮ ಚೀಲದಿಂದ ತಾವೇ ಹೊಲಿದುಕೊಂಡಿದ್ದ, ಕತ್ತಿನಿಂದ ಮೊಣಕಾಲಿನವರೆಗೆ ಮುಚ್ಚುವ ಈಜುಡುಗೆ ತೆಗೆದು ತೊಟ್ಟು, ಯಾರ ಮುಂದೆಯೂ ತೋಳು ಕೂಡ ತೋರಿಸದಿದ್ದವರು, ಎಲ್ಲರೂ ನೋಡುತ್ತಿರುವಾಗ, ಓರೆಯಾಗಿ ನಡೆದು ಬಂದು ಮೆಟ್ಟಿಲ ಮೇಲೆ ನಿಂತರಂತೆ. ಹಸಿರೆಲೆ ನೀರಿನಲ್ಲಿ ನಿಂತು ಕೈ ಚಾಚಿದಳು. "ಬಿಡ್ಬೇಡ ಕಣೇ," ಎಂದು ದೊಡ್ಡಮ್ಮ ಕಿರುಚಿದ ಕಿರುಚಿಗೆ ಆ ತುದಿಯ ಮಕ್ಕಳೆಲ್ಲ ತಿರುಗಿ ನೋಡಿ, ತಮ್ಮ ಮಿಸ್ಸು ನೀರಿನಲ್ಲಿರುವುದನ್ನು ಕಂಡು, ಕೂಗುತ್ತ ಆ ಕಡೆಗೇ ಬಂದರು. ಮಕ್ಕಳನ್ನು ಮತ್ತೆ ಬೇರೆಯವರ ಬಳಿ ಕಳಿಸುವುದು ಮ್ಯಾನೇಜರಿಗೆ ಆಗಲಿಲ್ಲ, ತಾಯಂದಿರೂ ಕಳಿಸಿ ಎನ್ನಲಿಲ್ಲ. ದೊಡ್ಡಮ್ಮನಿಗೆ ಈಜು ಕೊನೆಗೂ ಬರಲಿಲ್ಲ; ದಡ ಹಿಡಿದುಕೊಂಡು ಕಾಲು ಬಡಿಯುವಷ್ಟಕ್ಕೆ ಅವರ ವಿದ್ಯೆ ನಿಂತಿತು.

ಈಚೆಗೆ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಅವರ ಫೋನು ಸದ್ದು ಮಾಡಿತು. ತೆರೆದರು, ಮೊದಲು ಮೂಲೆಯ ಬೀಗದ ಚಿತ್ರವನ್ನು ಪರದೆಯ ಸಂದು ನೋಡುವ ಹಾಗೆ ಬೆರಳಿನಿಂದ ಮುಟ್ಟಿ ನೋಡಿದರು, ಆಮೇಲೆ ಓದಿದರು. ಕಣ್ಣು ಒದ್ದೆಯಾಯಿತು.

"ಹಸಿರೆಲೆದು. ಹೊಸ ಈಜುಡುಗೆ ಬೇಕಂತೆ. ಈಜುಕೊಳದ ಆಫೀಸಿಂದಲೇ ಬರ್ದಿದಾಳೆ," ಎಂದರು.

"ಮತ್ತೇನು ಬರೆದಿದ್ದಾಳೆ?" ಎಂದೆ.

"ಅದಿರ್ಲಿ," ಎಂದು ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಪರರ ಗುಟ್ಟನ್ನು ಕಾಯುವವರು ಲೋಕದಲ್ಲಿ ಕಡಿಮೆಯಿಲ್ಲ. ವೈದ್ಯರಿದ್ದಾರೆ, ವಕೀಲರಿದ್ದಾರೆ, ಅಂಗಡಿ ತೆರೆದ ಪ್ರತಿಯೊಬ್ಬರೂ ಯಾರದೋ ಒಂದು ಗುಟ್ಟನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟುಕೊಂಡು ಕೂತಿರುತ್ತಾರೆ. ಅವರಲ್ಲಿ ಬಹುಮಂದಿ ತಮ್ಮ ಬಾಯಿ ಭದ್ರವಾಗಿದ್ದರೆ ಸಾಕೆಂದು ತಿಳಿದು, ಕದಿಯುವುದಕ್ಕೆ ನಮ್ಮಲ್ಲಿ ಏನಿದೆ ಎಂದು ನಿಶ್ಚಿಂತರಾಗಿ, ಒಂದು ದಿನ ಎಲ್ಲವೂ ಬೀದಿಗೆ ಬಿದ್ದಾಗ ನಾನಂತೂ ಹೇಳಲಿಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಹೇಳುವುದು ಸುಳ್ಳೂ ಅಲ್ಲ. ಆದರೆ ಎಲ್ಲೋ ಅಪರೂಪಕ್ಕೆ ಇನ್ನೊಂದು ಬಗೆಯ ಜನ ಸಿಗುತ್ತಾರೆ. ಅವರೂ ತಪ್ಪುತ್ತಾರೆ, ನಮ್ಮ ನಿಮ್ಮಂತೆಯೇ ಹಟ ಮಾಡಿ ತಪ್ಪುತ್ತಾರೆ; ತಪ್ಪಿದ ಮೇಲೆ ಮಾತ್ರ ಹೋದದ್ದು ನಮ್ಮ ಮನೆಯಿಂದಲೇ ಎಂದು ಹೇಳಿ, ಬಾಗಿಲಿಗೆ ಬೀಗ ಹಾಕಿ, ಬಯಲಲ್ಲಿ ನಿಂತವಳೊಬ್ಬಳೇ ಆಗಬಾರದೆಂದು ತಾವೂ ಹೋಗಿ ಅವಳ ಪಕ್ಕದಲ್ಲಿ ನಿಲ್ಲುತ್ತಾರೆ, ಈಜು ಬಾರದಿದ್ದರೂ.